ಮಿಕ್ಕಿದ್ದನ್ನು ಉಣ್ಣುವವರು

ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಭಾನುವಾರವನ್ನು ಕೆಂಪು ಮಸಿಯಲ್ಲಿ ಅಚ್ಚು ಹಾಕಿರುತ್ತಾರೆ. ಸಂಬಳಕ್ಕೆ ದುಡಿಯುವ ಗಂಡಸಿಗೆ ಅದು ವಿಶ್ರಾಂತಿಯ ಗುರುತು. ದುಡಿಯುವ ಹೆಂಗಸಿಗಾದರೋ ಆರು ದಿನಗಳಿಂದ ಬಾಕಿ ಉಳಿದ ಕೆಲಸಗಳೆಲ್ಲವೂ ಒಟ್ಟಾಗಿ ಬಂದು ಬಾಗಿಲು ತಟ್ಟುವ ದಿನ.

ಮಳವಳ್ಳಿ ತಾಲ್ಲೂಕಿನ ಹಲಗೂರಿನಲ್ಲಿ ವಾಸವಾಗಿರುವ ಶಾಲಾ ಶಿಕ್ಷಕಿಯೊಬ್ಬರ ಇತ್ತೀಚಿನ ಒಂದು ಭಾನುವಾರವೂ ಹಾಗೆಯೇ ಆರಂಭವಾಯಿತು. ಬೆಳಿಗ್ಗೆ ಮನೆಮಂದಿಗೆಲ್ಲ ತಿಂಡಿ ಮಾಡಿಟ್ಟು, ಹಸನು ಮಾಡಿದ ರಾಗಿಯ ಚೀಲವನ್ನು ಹೊತ್ತು ಆಕೆ ಹಿಟ್ಟಿನ ಮಿಷನ್ನಿಗೆ ನಡೆದರು. ರಸ್ತೆಯ ತುಂಬ ಮುತ್ತತ್ತಿಗೆ ಹೊರಟ ಬೆಂಗಳೂರಿನ ಕಾರುಗಳು. ಎರಡು ಕಡೆ ನಿಂತು ಚೀಲವನ್ನು ಹೆಗಲಿನಿಂದ ಹೆಗಲಿಗೆ ಬದಲಾಯಿಸಿಕೊಂಡು ಮಿಷನ್ನು ಸೇರುವ ವೇಳೆಗೆ ಆಕೆಗೆ ಏದುಸಿರು ಬಂದಿತ್ತು.

“ಸರಿಯಾಗಿ ಹತ್ತು ಕೆ.ಜಿ. ಐತೆ ಮಿಸ್ಸೇ” ಎಂದು ತೂಕದ ಯಂತ್ರದ ಬಳಿಯಿದ್ದ ಹುಡುಗ ಕೂಗಿ ಹೇಳಿದ.

ಅಲ್ಲಿಂದ ಔಷಧಿಯ ಅಂಗಡಿ. ಅತ್ತೆಯವರ ರಕ್ತದೊತ್ತಡದ ಮಾತ್ರೆಗಳನ್ನು ಕೊಂಡದ್ದಾಯಿತು. ಬಳಿಕ ಮಗನ ಕಿತ್ತುಹೋದ ಚಪ್ಪಲಿಯ ರಿಪೇರಿ, ಅನಂತರ ತರಕಾರಿ. ಕೊನೆಗೆ ದರ್ಜಿಯ ಅಂಗಡಿ. ಒಂದೇ ವರ್ಷದಲ್ಲಿ ಮೂರನೆಯ ಬಾರಿಗೆ ಅದೇ ರವಿಕೆಯನ್ನು ಸಡಿಲ ಮಾಡಿಸಬೇಕಾಗಿತ್ತು. ದರ್ಜಿಯು ರವಿಕೆಯನ್ನು ಒಳಮಗ್ಗುಲಿಗೆ ತಿರುಗಿಸಿ ನೋಡಿ, ಸಂಕೋಚದಿಂದಲೇ ನುಡಿದ: “ಇನ್ನು ಬಿಚ್ಚೋಕೆ ಒಳಗೆ ಬಟ್ಟೆನೇ ಉಳಿದಿಲ್ಲ ಮಿಸ್.”

ಮಾತು ಸಣ್ಣದು. ಆದರೆ ಹಿಂದಿನ ತಿಂಗಳು ಕೇಳಿದ ಮತ್ತೊಂದು ಮಾತನ್ನು ಅದು ನೆನಪಿಗೆ ತಂದಿತು. ಮೂವತ್ತು ವರ್ಷ ದಾಟಿದವರಿಗಾಗಿ ಸರ್ಕಾರವು ನಡೆಸುವ ಉಚಿತ ತಪಾಸಣೆಯಲ್ಲಿ ಆಕೆಯ ರಕ್ತವನ್ನು ಪರೀಕ್ಷಿಸಿದ ದಾದಿಯು, “ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ ಮೇಡಂ, ಹೊಸ್ತಿಲಲ್ಲಿ ನಿಂತಿದೆ” ಎಂದಿದ್ದರು. ಆಕೆಯ ವಯಸ್ಸು 45, ಎತ್ತರ 152 ಸೆಂಟಿಮೀಟರ್, ತೂಕ 68 ಕಿಲೋ. ಆಕೆಯ ತಾಯಿ ಇದೇ ಕಾಯಿಲೆಯಿಂದ ಒಂದು ಪಾದವನ್ನು ಕಳೆದುಕೊಂಡು, ಕೊನೆಯ ನಾಲ್ಕು ವರ್ಷಗಳನ್ನು ಮಂಚದ ಮೇಲೆಯೇ ಕಳೆದವರು. ಆ ಮಂಚ ಇಂದಿಗೂ ಮನೆಯ ನಡುಕೋಣೆಯಲ್ಲಿದೆ.

ಇದು ಒಬ್ಬಿಬ್ಬರ ಸಂಕಟವಲ್ಲ. 2019-21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ನೂರಕ್ಕೆ ಸುಮಾರು 30 ಹೆಂಗಸರು ಅಧಿಕ ತೂಕದವರು. ಗಂಡಸರ ಪ್ರಮಾಣವೂ ಹೆಚ್ಚುಕಡಿಮೆ ಅಷ್ಟೇ. ಕಿಲೋ ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದ ವರ್ಗದಿಂದ ಭಾಗಿಸಿದಾಗ 25 ಅಥವಾ ಅದಕ್ಕೆ ಮೇಲ್ಪಟ್ಟು ಬಂದರೆ ಸಮೀಕ್ಷೆಯವರು ಅದನ್ನು ಅಧಿಕವೆಂದು ಎಣಿಸುತ್ತಾರೆ. ಭಾರತೀಯರ ಶರೀರದಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಶೇಖರವಾಗುವ ಪ್ರವೃತ್ತಿ ಹೆಚ್ಚಾದುದರಿಂದ, ನಮ್ಮವರು 23 ದಾಟಿದೊಡನೆಯೇ ಎಚ್ಚರ ವಹಿಸುವುದು ಮೇಲೆಂಬುದು ನಮ್ಮ ವೈದ್ಯರ ಅಭಿಪ್ರಾಯ. ಶಿಕ್ಷಕಿಯ ಲೆಕ್ಕ 29ನ್ನು ಮೀರಿತ್ತು.

ಆ ದಿನ ಸಂಜೆ ನಾಲ್ಕು ಗಂಟೆಗೆ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಕಟ್ಟುಬಿದ್ದು, ತೂಕ ಇಳಿಸುವವರ ಕೂಟವೊಂದಕ್ಕೆ ಆಕೆ ಹೋದರು. ಮನೆಯೊಂದರ ಮಹಡಿಯ ಕೋಣೆ. ಹನ್ನೊಂದು ಮಂದಿ ಹೆಂಗಸರು. ಗೋಡೆಯ ಮೇಲೆ ದಪ್ಪಗಿದ್ದವರು ತೆಳ್ಳಗಾದ ಜೋಡಿ ಚಿತ್ರಗಳು. ಬಂದವರನ್ನು ಒಬ್ಬೊಬ್ಬರನ್ನಾಗಿ ತೂಗಿ, ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಓದಿದರು. ಮೂವತ್ತು ಮಕ್ಕಳಿಗೆ ಅಂಕ ಓದಿ ಹೇಳುವ ಶಿಕ್ಷಕಿಗೆ, ತನ್ನ ಅಂಕವನ್ನು ಇತರರು ಓದಿದಾಗ ಎಷ್ಟು ನಾಚಿಕೆಯಾಗುತ್ತದೆಂಬುದು ಅಂದು ಗೊತ್ತಾಯಿತು.

ಬಳಿಕ ಎಲ್ಲರೂ ಚಾಪೆಯ ಮೇಲೆ ಕುಳಿತು, ವಾರದಲ್ಲಿ ತಾವು ಎಡವಿದ್ದೆಲ್ಲಿ ಎಂಬುದನ್ನು ಹೇಳಬೇಕಾಗಿತ್ತು. ನಡುವಯಸ್ಸಿನ ಒಬ್ಬಾಕೆ ಎದ್ದು ನಿಂತು, ಮೊಮ್ಮಗಳ ನಾಮಕರಣದಲ್ಲಿ ಮೂರು ಹೋಳಿಗೆ ತಿಂದುದನ್ನು ತಲೆ ತಗ್ಗಿಸಿ ಒಪ್ಪಿಕೊಂಡರು. ಯಾರೂ ನಗಲಿಲ್ಲ. “ನಂದು ನಾಲ್ಕು ಕಣಕ್ಕಾ” ಎಂದು ಮೂಲೆಯಿಂದ ಧ್ವನಿ ಬಂದಾಗ ಮಾತ್ರ, ಹೇಳಿದವರೂ ಸೇರಿ ಎಲ್ಲರೂ ನಕ್ಕರು. ಶಿಕ್ಷಕಿಯ ಸರದಿ ಬಂತು. ತುಸು ಹೊತ್ತು ಸುಮ್ಮನಿದ್ದು ಆಕೆ ಹೇಳಿದ್ದು ಇಷ್ಟೇ: “ನಾನು ಊಟದಲ್ಲಿ ಜಾಸ್ತಿ ತಿನ್ನಲ್ಲ. ಎಲ್ಲರ ಊಟ ಆದಮೇಲೆ ಮಿಕ್ಕಿದ್ದನ್ನ ತಿಂತೀನಿ.”

ಹನ್ನೊಂದು ತಲೆಗಳೂ ಹೌದೆಂದು ಆಡಿದವು. ಮಗನು ಅರ್ಧಕ್ಕೆ ಬಿಟ್ಟ ಮುದ್ದೆ, ತಳದಲ್ಲಿ ಉಳಿದ ಅನ್ನ, ನಾಳೆಗೆ ಹಳಸೀತೆಂಬ ಪಲ್ಯ, ಒಂದೇ ಒಂದು ಉಳಿದ ಚಪಾತಿ: ಇವನ್ನು ಎಸೆಯಲು ಮನಸ್ಸಾಗದೆ ತಿನ್ನದ ಗೃಹಿಣಿಯು ಯಾವ ಊರಿನಲ್ಲಿದ್ದಾಳೆ?

ಇಂತಹ ಕೂಟಗಳು ಹೊಸವಲ್ಲ. 1948ರಲ್ಲಿ ಅಮೆರಿಕದ ಮಿಲ್ವಾಕಿ ನಗರದ ಎಸ್ತರ್ ಮ್ಯಾನ್ಜ್ ಎಂಬಾಕೆ ತನ್ನ ಸ್ನೇಹಿತೆಯರೊಡನೆ ಆರಂಭಿಸಿದ ಇಂಥದೊಂದು ಸಂಘವು ಲಾಭದ ಆಸೆಯಿಲ್ಲದೆ ಇಂದಿಗೂ ನಡೆಯುತ್ತಿದೆ. 1961ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್ ಭಾಗದ ಗೃಹಿಣಿ ಜೀನ್ ನೈಡೆಚ್ ಎಂಬಾಕೆ ನಗರದ ಆರೋಗ್ಯ ಮಂಡಲಿಯ ಚಿಕಿತ್ಸಾಲಯಕ್ಕೆ ಹೋದಳು. ಆಗ ಆಕೆಯ ತೂಕ ಸುಮಾರು 97 ಕಿಲೋ. ಪಥ್ಯದ ಪಟ್ಟಿ ಅಲ್ಲಿ ದೊರೆಯಿತು. ಆದರೆ ಗುಟ್ಟಾಗಿ ಬಿಸ್ಕತ್ತು ತಿನ್ನುವ ತನ್ನ ಚಾಳಿಯನ್ನು ಹೇಳಿಕೊಳ್ಳುವ ಧೈರ್ಯ ಅಲ್ಲಿ ಆಕೆಗೆ ಬರಲಿಲ್ಲ. ಆರು ಮಂದಿ ಗೆಳತಿಯರನ್ನು ಮನೆಗೆ ಕರೆದು ಹೇಳಿಕೊಂಡಳು. ಅವರೂ ತಮ್ಮ ತಮ್ಮ ಗುಟ್ಟನ್ನು ಬಿಚ್ಚಿದರು. ಮುಂದೆ ಆಕೆಯ ತೂಕ 30 ಕಿಲೋಗೂ ಮಿಕ್ಕಿ ಇಳಿಯಿತು. 1963ರಲ್ಲಿ ಆ ಗೆಳತಿಯರ ಕೂಟವೇ ಕಂಪನಿಯಾಗಿ, ಲೋಕವೆಲ್ಲ ಹಬ್ಬಿತು.

ಹಲಗೂರಿನ ಮಹಡಿಯಲ್ಲಿಯೂ ಕೂಟದ ಹಿಂದೆಯೇ ವ್ಯಾಪಾರವು ಕಾದಿತ್ತು. ಮಾತುಕತೆ ಮುಗಿದೊಡನೆ ಗಾಜಿನ ಲೋಟಗಳಲ್ಲಿ ಪುಡಿ ಕದಡಿದ ಪಾನೀಯ ಬಂತು. ಮೂರು ದಿನ ಉಚಿತ. ಆ ಮೇಲೆ ತಿಂಗಳಿಗಿಷ್ಟೆಂದು ಡಬ್ಬಗಳನ್ನು ಕೊಳ್ಳಬೇಕು. ಶಿಕ್ಷಕಿ ಮನಸ್ಸಿನಲ್ಲಿಯೇ ಲೆಕ್ಕ ಹಾಕಿದರು. ಆ ಹಣವು ಮನೆಯ ತಿಂಗಳ ದಿನಸಿಗಿಂತ ಹೆಚ್ಚಾಗುತ್ತಿತ್ತು.

ಇಂತಹ ಪುಡಿಯಿಂದ ತೂಕ ಇಳಿಯುವುದೇ ಇಲ್ಲವೆಂದಲ್ಲ. ಒಂದು ಹೊತ್ತಿನ ಊಟಕ್ಕೆ ಬದಲಾಗಿ ಒಂದು ಲೋಟ ಕುಡಿದರೆ ಶರೀರಕ್ಕೆ ಸೇರುವ ಶಕ್ತಿ ಕಡಿಮೆಯಾಗುತ್ತದೆ, ತೂಕ ಇಳಿಯುತ್ತದೆ. ಲೋಟ ನಿಂತು ಹಳೆಯ ಊಟ ಮರಳಿದರೆ ತೂಕವೂ ಮರಳುತ್ತದೆ. ಅಷ್ಟೇ ಕಡಿತವನ್ನು ಅಡಿಗೆಮನೆಯಲ್ಲಿಯೇ ಸಾಧಿಸಬಹುದು. ದಿನಕ್ಕೆ ನಾಲ್ಕು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ ಸುಮಾರು 40 ಗ್ರಾಂ; ಅದರಿಂದ ಬರುವ ಶಕ್ತಿ 160 ಕ್ಯಾಲೊರಿ. ಸಕ್ಕರೆಯ ಬದಲು ಬೆಲ್ಲ ಹಾಕಿದರೆ ತೊಂದರೆಯಿಲ್ಲವೆಂಬ ನಂಬಿಕೆ ಕಬ್ಬಿನ ನಾಡಾದ ಮಂಡ್ಯದಲ್ಲಿ ಬಲವಾಗಿದೆ. ಆದರೆ ಈ ಲೆಕ್ಕದಲ್ಲಿ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ರಾಗಿಮುದ್ದೆಯೂ ಒಳ್ಳೆಯದೇ, ಎರಡನೆಯ ಮುದ್ದೆ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದು ದಿನವಿಡೀ ಅವರು ಮಾಡುವ ಕೆಲಸವನ್ನು ಅವಲಂಬಿಸಿದೆ.

ನಡಿಗೆಯ ಗುಣವೂ ಕಡಿಮೆಯದಲ್ಲ. ಚೆನ್ನೈನ ವೈದ್ಯ ಎ. ರಾಮಚಂದ್ರನ್ ಮತ್ತು ಸಂಗಡಿಗರು, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಕುರಿತು ನಡೆಸಿದ ಅಧ್ಯಯನವು 2006ರಲ್ಲಿ ಪ್ರಕಟವಾಯಿತು. ಮಿತವಾದ ಆಹಾರ ಮತ್ತು ದಿನಕ್ಕೆ ಅರ್ಧ ಗಂಟೆಯ ಚುರುಕು ನಡಿಗೆಯ ಸಲಹೆ ಪಡೆದವರಲ್ಲಿ, ಕಾಯಿಲೆ ಅಂಟುವ ಸಂಭವವು ನೂರಕ್ಕೆ 28ಕ್ಕೂ ಹೆಚ್ಚಿನಷ್ಟು ತಗ್ಗಿತ್ತು. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲವೆಂಬುದು ಗಮನಿಸತಕ್ಕ ವಿಷಯ.

ಶಿಕ್ಷಕಿ ಡಬ್ಬ ಕೊಳ್ಳದೆ ಮೆಟ್ಟಿಲಿಳಿದರು. ಹೋಳಿಗೆಯ ಕಥೆ ಹೇಳಿದಾಕೆಯೂ, ಮೂಲೆಯ ಧ್ವನಿಯವರೂ ಹಿಂದೆಯೇ ಇಳಿದರು. “ಪುಡಿ ಬೇಡ ಮಿಸ್, ಆದ್ರೆ ಆ ಮಾತುಕತೆ ಚೆನ್ನಾಗಿತ್ತು” ಎಂದರು ಒಬ್ಬರು. ಮೂವರೂ ರಸ್ತೆಯಲ್ಲಿ ನಿಂತೇ ಗೊತ್ತುಮಾಡಿಕೊಂಡರು: ದಿನವೂ ಬೆಳಿಗ್ಗೆ ಆರು ಗಂಟೆಗೆ ಶಾಲೆಯ ಮೈದಾನದಲ್ಲಿ ನಡಿಗೆ, ಭಾನುವಾರ ಹಿಟ್ಟಿನ ಮಿಷನ್ನಿನಲ್ಲಿ ತೂಕ, ಅದೂ ಹುಡುಗನು ಕೂಗಿ ಹೇಳದ ಹಾಗೆ.

ಬೀಸಿಟ್ಟಿದ್ದ ಹಿಟ್ಟನ್ನು ತೆಗೆದುಕೊಂಡು ಹೋಗುವಾಗ ಆ ಚೀಲ ಮತ್ತೆ ಆಕೆಯ ಹೆಗಲೇರಿತು. ಶರೀರದಿಂದ ಇಳಿಯಬೇಕಾದ ಭಾರವೂ ಸುಮಾರು ಹತ್ತೇ ಕಿಲೋ. ಚೀಲವನ್ನಾದರೆ ಮನೆಯಲ್ಲಿ ಇಳಿಸಬಹುದು. ಇದನ್ನು ಹೊತ್ತೇ ಮಲಗಬೇಕು, ಹೊತ್ತೇ ಏಳಬೇಕು.

ರಾತ್ರಿ ಎಲ್ಲರ ಊಟವಾಯಿತು. ಎಂದಿನಂತೆ ಅರ್ಧ ಮುದ್ದೆ, ಒಂದು ಹಿಡಿ ಅನ್ನ, ತಳದ ಸಾರು ಉಳಿದವು. ಆಕೆ ಅವನ್ನು ತಟ್ಟೆಗೆ ಹಾಕಿಕೊಳ್ಳದೆ ಬೇರೆ ಪಾತ್ರೆಗೆ ಸುರಿದುದನ್ನು ಅತ್ತೆ ಕಂಡರು.

“ಅನ್ನ ದೇವರು ಕಣಮ್ಮ, ಎಸೀಬಾರದು.”

“ಎಸೆಯೋದಿಲ್ಲ ಅತ್ತೆ. ಪಕ್ಕದ ಮನೆ ಹಸುವಿನ ಕಲಗಚ್ಚಿಗೆ. ಇಷ್ಟು ದಿನ ನನ್ನ ಹೊಟ್ಟೇನೇ ಕಲಗಚ್ಚಿನ ಬಾನಿ ಆಗಿತ್ತು.”

ಅತ್ತೆ ಉತ್ತರ ಕೊಡಲಿಲ್ಲ. ನಡುಕೋಣೆಯ ಮಂಚದ ಕಡೆಗೊಮ್ಮೆ ನೋಡಿ, ಮಾತ್ರೆ ನುಂಗಿ ಮಲಗಿದರು. ಮಾರನೆಯ ಬೆಳಿಗ್ಗೆ ಸೊಸೆ ನಡಿಗೆ ಮುಗಿಸಿಕೊಂಡು ಬರುವ ಹೊತ್ತಿಗೆ ಅವರು ಅಡಿಗೆಮನೆಯಲ್ಲಿದ್ದರು. ಅಳೆದ ಅಕ್ಕಿಯಿಂದ ಅರ್ಧ ಪಾವನ್ನು ಮತ್ತೆ ಡಬ್ಬಕ್ಕೆ ಸುರಿಯುತ್ತಿದ್ದರು.