ಜಲ್ಲಿಯನ್ನು ನುಂಗುವ ನೆಲ

ಹುಬ್ಬಳ್ಳಿಯ ಕಡೆ ಎರೆನೆಲದಲ್ಲಿ ಮನೆ ಕಟ್ಟಿದವರು ಗೇಟಿನಿಂದ ಬಾಗಿಲವರೆಗೆ ವರ್ಷವರ್ಷವೂ ಜಲ್ಲಿ ಸುರಿಸುವುದುಂಟು. ಶ್ರಾವಣ ಬರುವಷ್ಟರಲ್ಲಿ ಅದು ನೆಲದ ಪಾಲು. ಬಕಾಸುರನಿಗಾದರೂ ಒಂದು ಬಂಡಿಯ ಲೆಕ್ಕವಿತ್ತು! ಕಲ್ಲು ಸಾಲದೆಂದು ಮತ್ತೊಂದು ಲಾರಿ ತರಿಸುವುದೆಂದರೆ ಹಣವನ್ನು ಹೂಳಿದಂತೆಯೇ ಸರಿ. ನೀರು ಕುಡಿದ ಎರೆಮಣ್ಣು ಉಬ್ಬಿ ಮೆತ್ತಗಾಗುತ್ತದೆ. ಚಕ್ರದ ಭಾರ ಬಿದ್ದೊಡನೆ ಕಲ್ಲಿನ ಸಂದುಗಳಿಗೆ ಏರುತ್ತದೆ, ಕಲ್ಲು ಕೆಳಗಿಳಿಯುತ್ತದೆ.

ಮಣ್ಣನ್ನೂ ಕಲ್ಲನ್ನೂ ಬೆರೆಯಗೊಡದಿರುವುದೇ ಇದಕ್ಕೆ ಉಪಾಯ. ಇಂಗ್ಲೆಂಡಿನಲ್ಲಿ 1830ರಲ್ಲಿ ತೆರೆದ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗವನ್ನು ಚಾಟ್ ಮಾಸ್ ಎಂಬ ಜೌಗಿನ ಮೇಲೆ ಒಯ್ಯುವಾಗ ಜಾರ್ಜ್ ಸ್ಟೀಫನ್‌ಸನ್ ಕುರುಚಲು ಕಡ್ಡಿಗಳನ್ನು ಹೆಣೆದ ತಡಿಕೆಗಳನ್ನು ಹಾಸಿಸಿದನು. ಇಂದು ಜಿಯೋಟೆಕ್ಸ್‌ಟೈಲ್ ಎಂಬ ಬಟ್ಟೆ ಹಾಸುತ್ತಾರೆ. ಅದು ನೀರನ್ನು ಬಿಡುತ್ತದೆ, ಮಣ್ಣನ್ನು ತಡೆಯುತ್ತದೆ.

ಆದರೆ ಬಟ್ಟೆಗಿಂತ ಮೊದಲು ಚರಂಡಿ. ಬೇಸಿಗೆಯಲ್ಲಿಯೇ ಮೇಲ್ಮಣ್ಣು ತೆಗೆದು, ಎರಡು ಬದಿಗೂ ನೀರು ಹರಿದುಹೋಗುವಂತೆ ತೋಡಿ, ನೆಲವನ್ನು ದಮ್ಮಸು ಮಾಡಬೇಕು. ಬಟ್ಟೆಯ ಮೇಲೆ 40 ಮಿಲಿಮೀಟರಿನ ಒಡೆದ ಜಲ್ಲಿ, ಅದರ ಮೇಲೆ ಪುಡಿ ಬೆರೆತ ಸಣ್ಣ ಜಲ್ಲಿ. ಪದರಪದರಕ್ಕೂ ರೋಲರ್ ಹಾಯಬೇಕು, ನಡು ತುಸು ಉಬ್ಬಿರಬೇಕು. ಹೊಳೆಯ ಗುಂಡುಕಲ್ಲು ಕಣ್ಣಿಗೆ ಚೆಂದವೇ ಹೌದು, ಆದರೆ ಅದು ಚಕ್ರದಡಿ ಉರುಳಿಹೋಗುತ್ತದೆ. ಮೂಲೆಯುಳ್ಳ ಕಲ್ಲು ಮಾತ್ರ ಒಂದನ್ನೊಂದು ಕಚ್ಚಿ ನಿಲ್ಲುತ್ತದೆ. ಇನ್ನು, ತಾರಸಿಯ ನೀರು ದಾರಿಯ ಮೇಲೆಯೇ ಬೀಳುತ್ತಿದ್ದರೆ ಆ ಕೊಳವೆಯ ಬಾಯನ್ನು ಈ ವಾರವೇ ತಿರುಗಿಸಿಬಿಡಿರಿ.