ಒಪ್ಪಂದಕ್ಕಿಂತ ದೊಡ್ಡದು ಒಂಟಿಯಾಗುವ ಭಯ

1914ರ ಆಗಸ್ಟ್ 1ರಂದು ಜರ್ಮನಿ ರಷ್ಯಾದ ಮೇಲೆ ಯುದ್ಧ ಸಾರಿತು. 3ರಂದು ಫ್ರಾನ್ಸ್ ಮೇಲೆ. 4ರಂದು ಅದರ ಸೈನ್ಯ ಬೆಲ್ಜಿಯಂ ಗಡಿ ದಾಟಿತು. ಅಂದು ರಾತ್ರಿಯೇ ಬ್ರಿಟನ್ ಕಣಕ್ಕಿಳಿಯಿತು. ಯಾರ ಪರವಾಗಿ ಜರ್ಮನಿ ಇಷ್ಟೆಲ್ಲ ಮಾಡಿತೋ ಆ ಆಸ್ಟ್ರಿಯಾ-ಹಂಗೆರಿ ರಷ್ಯಾದ ಮೇಲೆ ಯುದ್ಧ ಸಾರಿದ್ದು 6ರಂದು. ಜಗಳ ಇದ್ದದ್ದು ಆಸ್ಟ್ರಿಯಾಕ್ಕೂ ಸರ್ಬಿಯಾಕ್ಕೂ. ಜರ್ಮನಿಯ ಮೊದಲ ದೊಡ್ಡ ಏಟು ಬಿದ್ದದ್ದು ಆ ಜಗಳದ ಗಂಧಗಾಳಿಯೂ ಇಲ್ಲದ ಬೆಲ್ಜಿಯಂ ಮೇಲೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎನ್ನುತ್ತಾರಲ್ಲ, ಅದಕ್ಕೆ ಯುರೋಪಿನ ಇತಿಹಾಸದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಇದು ಹೇಗಾಯಿತು ಎಂದು ಕೇಳಿದರೆ ಶಾಲೆಯ ಪಠ್ಯದಲ್ಲಿ ಸಿದ್ಧ ಉತ್ತರವಿದೆ: ಒಂದು ಕಡೆ ಜರ್ಮನಿ, ಆಸ್ಟ್ರಿಯಾ, ಇಟಲಿಗಳ ಕೂಟ, ಇನ್ನೊಂದು ಕಡೆ ಫ್ರಾನ್ಸ್, ರಷ್ಯಾ, ಬ್ರಿಟನ್‌ಗಳ ಕೂಟ. ಒಬ್ಬನ ಮೇಲೆ ಕೈ ಮಾಡಿದರೆ ಉಳಿದವರು ನುಗ್ಗಲೇಬೇಕು ಎಂಬ ಒಪ್ಪಂದ. ಸರಯೇವೊದಲ್ಲಿ ಆಸ್ಟ್ರಿಯಾದ ಯುವರಾಜನ ಮೇಲೆ ಗುಂಡು ಹಾರಿತು, ಸರಪಣಿ ಎಳೆಯಿತು. ಉತ್ತರ ಅಚ್ಚುಕಟ್ಟಾಗಿದೆ. ಆದರೆ ಒಪ್ಪಂದಗಳ ಒಕ್ಕಣೆಯನ್ನು ಓದುತ್ತಾ ಹೋದರೆ ಅದು ನಿಲ್ಲುವುದಿಲ್ಲ.

1879ರ ಜರ್ಮನಿ-ಆಸ್ಟ್ರಿಯಾ ಒಪ್ಪಂದ ಹೇಳಿದ್ದು, ರಷ್ಯಾ ತಾನಾಗಿ ದಾಳಿ ಮಾಡಿದರೆ ಪರಸ್ಪರ ನೆರವಿಗೆ ಬರಬೇಕು ಎಂದು. ಆಸ್ಟ್ರಿಯಾ ತಾನೇ ಹೋಗಿ ಸರ್ಬಿಯಾದ ಮೇಲೆ ಬಿದ್ದರೆ ಜರ್ಮನಿಗೆ ಯಾವ ಕಟ್ಟುಪಾಡೂ ಇರಲಿಲ್ಲ. ಸರ್ಬಿಯಾವನ್ನು ಕಾಪಾಡುತ್ತೇನೆಂದು ರಷ್ಯಾ ಯಾವ ಒಪ್ಪಂದಕ್ಕೂ ಸಹಿ ಹಾಕಿರಲಿಲ್ಲ. ಇಟಲಿ 1882ರಿಂದ ತ್ರಿರಾಷ್ಟ್ರ ಕೂಟದ ಸದಸ್ಯ, 1912ರ ಡಿಸೆಂಬರ್‌ನಲ್ಲಷ್ಟೇ ಒಪ್ಪಂದ ನವೀಕರಿಸಿತ್ತು. ಯುದ್ಧ ಬಂದಾಗ, ‘ಇದು ರಕ್ಷಣೆಯ ಯುದ್ಧವಲ್ಲ, ನಮ್ಮನ್ನು ಕೇಳಿಯೂ ಇಲ್ಲ’ ಎಂದು ತಟಸ್ಥವಾಗಿ ಉಳಿಯಿತು. ಮರುವರ್ಷ ಎದುರು ಪಕ್ಷಕ್ಕೇ ಸೇರಿತು. ರುಮೇನಿಯಾದ ರಾಜ ಕರೋಲ್ 1883ರಿಂದ ಗುಟ್ಟಾಗಿ ಇಟ್ಟುಕೊಂಡಿದ್ದ ಒಪ್ಪಂದವನ್ನು ಮಂತ್ರಿಗಳು, ಹಿರಿಯ ರಾಜಕಾರಣಿಗಳ ಮುಂದೆ ಇಟ್ಟಾಗ ಅವರು ಒಪ್ಪಲೇ ಇಲ್ಲ. ಫ್ರಾನ್ಸ್ ಜತೆ ಯಾವ ಮಿಲಿಟರಿ ಒಪ್ಪಂದವೂ ಇಲ್ಲದ ಬ್ರಿಟನ್ ಮಾತ್ರ ಯುದ್ಧಕ್ಕೆ ಹೋಯಿತು. ಸಹಿ ಹಾಕಿದವರು ಹೊರಗೆ, ಹಾಕದವರು ಒಳಗೆ. ಅಂದಮೇಲೆ ಕಾಗದ ಕಟ್ಟಿಹಾಕಿತು ಎನ್ನುವುದು ಹೇಗೆ?

ನನಗೆ ಕಾಣುವಂತೆ, ಕಟ್ಟಿಹಾಕಿದ್ದು ಒಂಟಿಯಾಗುವ ಭಯ. ಜರ್ಮನಿಯ ಚಾನ್ಸೆಲರ್ ಆಗಿ ಬಿಸ್ಮಾರ್ಕ್ ಇರುವವರೆಗೆ ಬರ್ಲಿನ್ ಆಸ್ಟ್ರಿಯಾದ ಜತೆಗೂ ರಷ್ಯಾದ ಜತೆಗೂ ಒಪ್ಪಂದ ಇಟ್ಟುಕೊಂಡಿತ್ತು. ಇಬ್ಬರ ಕಿವಿ ಹಿಂಡುವ ಶಕ್ತಿ ಅದರಿಂದ ಬಂದಿತ್ತು. 1890ರಲ್ಲಿ ಅವನನ್ನು ಮನೆಗೆ ಕಳುಹಿಸಿದ ಹೊಸ ಆಡಳಿತ ರಷ್ಯಾದ ಜತೆಗಿನ ಒಪ್ಪಂದವನ್ನು ನವೀಕರಿಸಲಿಲ್ಲ. ಎರಡೇ ವರ್ಷಗಳಲ್ಲಿ ರಷ್ಯಾ-ಫ್ರಾನ್ಸ್ ಸೇನಾಧಿಕಾರಿಗಳು ಕೂತು ಮಿಲಿಟರಿ ಕರಾರು ಬರೆದರು. ಆಮೇಲೆ ಹಣ ಹರಿಯಿತು. ಯುದ್ಧದ ಹೊತ್ತಿಗೆ ಫ್ರಾನ್ಸ್ ಹೊರದೇಶಗಳಲ್ಲಿ ಹೂಡಿದ್ದ ಬಂಡವಾಳದಲ್ಲಿ ಸುಮಾರು ಕಾಲು ಭಾಗ ರಷ್ಯಾದಲ್ಲೇ ಇತ್ತು. ಸೈನ್ಯವನ್ನು ಬೇಗ ಜರ್ಮನ್ ಗಡಿಗೆ ತರಬಲ್ಲ ರೈಲು ಮಾರ್ಗಗಳಿಗೂ ಸಾಲ ಹೋಯಿತು. ಒಪ್ಪಂದವನ್ನು ಮುರಿಯಬಹುದು. ಇಷ್ಟು ಸಾಲ ಕೊಟ್ಟವನು ಸಾಲಗಾರನನ್ನು ಬಿಟ್ಟು ಎಲ್ಲಿಗೆ ಹೋದಾನು? ಅತ್ತ ಜರ್ಮನಿಗೆ ಉಳಿದ ನಂಬಿಕಸ್ತ ಮಿತ್ರ ಆಸ್ಟ್ರಿಯಾ ಒಂದೇ. ದುರ್ಬಲ ಮಿತ್ರನೊಬ್ಬನೇ ಉಳಿದಾಗ ಅವನ ಹಟವೇ ಬಲವಂತನ ನೀತಿಯಾಗುತ್ತದೆ.

ಇಲ್ಲಿ ಒಂದು ಅಡ್ಡ ಪ್ರಶ್ನೆಯಿದೆ. ಇದೇ ಕೂಟಗಳು, ಇದೇ ಒಪ್ಪಂದಗಳು 1912-13ರ ಬಾಲ್ಕನ್ ಯುದ್ಧಗಳ ಸಮಯದಲ್ಲೂ ಇದ್ದವು. ಆಗಲೂ ಆಸ್ಟ್ರಿಯಾ ಮತ್ತು ರಷ್ಯಾ ಗಡಿಯಲ್ಲಿ ಸೈನಿಕರನ್ನು ಹೆಚ್ಚಿಸಿ ಗುರಾಯಿಸಿಕೊಂಡು ನಿಂತಿದ್ದವು. ಆದರೂ ಮಹಾಯುದ್ಧ ಆಗಲಿಲ್ಲ. ಬರ್ಲಿನ್ ವಿಯೆನ್ನಾವನ್ನು ತಡೆಯಿತು, ಲಂಡನ್ನಿನಲ್ಲಿ ರಾಯಭಾರಿಗಳು ಸೇರಿದರು, ಅಲ್ಬೇನಿಯಾ ಎಂಬ ಹೊಸ ದೇಶ ಹುಟ್ಟಿತು. ಮಿತ್ರಕೂಟ ಬ್ರೇಕ್ ಕೂಡ ಆಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಹಾಗಾದರೆ ಒಂದೂವರೆ ವರ್ಷದ ನಂತರ ಅದೇ ಬ್ರೇಕ್ ಏಕೆ ಹಿಡಿಯಲಿಲ್ಲ?

ಪ್ರತಿ ಸಂಯಮಕ್ಕೂ ಒಂದು ಬೆಲೆ ಇತ್ತು, ಅದು ಲೆಕ್ಕದಲ್ಲಿ ಉಳಿದುಕೊಂಡಿತ್ತು. 1909ರಲ್ಲಿ, ಆಸ್ಟ್ರಿಯಾ ತನ್ನದಾಗಿಸಿಕೊಂಡಿದ್ದ ಬೋಸ್ನಿಯಾದ ವಿಚಾರದಲ್ಲಿ ಜರ್ಮನಿ ಗದರಿಸಿದಾಗ ರಷ್ಯಾ ತಲೆತಗ್ಗಿಸಿ ಹಿಂದೆ ಸರಿದಿತ್ತು. ಫ್ರಾನ್ಸ್ ಆಗ ಜೋರಾಗಿ ಬೆನ್ನಿಗೆ ನಿಂತಿರಲಿಲ್ಲ. ಇನ್ನೊಮ್ಮೆ ಹಾಗಾಗಬಾರದು ಎಂದು ರಷ್ಯಾದ ರಾಜಧಾನಿ ಪೀಟರ್ಸ್‌ಬರ್ಗ್ ನಿಶ್ಚಯಿಸಿತ್ತು, ಇನ್ನೊಮ್ಮೆ ಹಾಗೆ ಮಾಡಿದರೆ ರಷ್ಯಾ ಕೈತಪ್ಪುತ್ತದೆ ಎಂದು ಪ್ಯಾರಿಸ್ ಹೆದರಿತ್ತು. ಬಾಲ್ಕನ್ ಯುದ್ಧಗಳಲ್ಲಿ ಸರ್ಬಿಯಾ ಹೆಚ್ಚುಕಡಿಮೆ ಎರಡರಷ್ಟು ಬೆಳೆಯುವುದನ್ನು ವಿಯೆನ್ನಾ ಕೈಕಟ್ಟಿ ನೋಡಬೇಕಾಯಿತು. ಆ ಕಹಿ ಅಲ್ಲಿ ಆರಿರಲಿಲ್ಲ. ಮಿತ್ರನನ್ನು ಒಮ್ಮೆ ತಡೆಯಬಹುದು. ಎರಡನೇ ಬಾರಿ ತಡೆದರೆ ಅವನು ನಮ್ಮವನಾಗಿ ಉಳಿಯುವನೇ ಎಂಬ ಅಳುಕು ಎಲ್ಲ ರಾಜಧಾನಿಗಳಲ್ಲೂ ಒಟ್ಟಿಗೇ ಹೆಚ್ಚಿತು.

1914ರ ಜುಲೈ 5ರಂದು ವಿಯೆನ್ನಾದಿಂದ ಪತ್ರ ಹಿಡಿದು ಬಂದ ಕೌಂಟ್ ಹೊಯೋಸ್‌ಗೆ ಬರ್ಲಿನ್ ಕೊಟ್ಟ ‘ಖಾಲಿ ಚೆಕ್’ ಹುಟ್ಟಿದ್ದು ಈ ಅಳುಕಿನಲ್ಲೇ. ಏನು ಬೇಕಾದರೂ ಮಾಡಿ, ನಾವಿದ್ದೇವೆ ಎಂದು ಹೇಳಿ ಜರ್ಮನ್ ಚಕ್ರವರ್ತಿ ಕೈಸರ್ ಮರುದಿನ ನಾರ್ವೆ ಕಡೆಗೆ ವಿಹಾರಕ್ಕೆ ಹಡಗು ಹತ್ತಿದ. ಜುಲೈ 28ರಂದು, ಆಸ್ಟ್ರಿಯಾದ ಅಂತಿಮ ಎಚ್ಚರಿಕೆಗೆ ಸರ್ಬಿಯಾ ಕೊಟ್ಟ ಉತ್ತರ ಓದಿ, ಇನ್ನು ಯುದ್ಧಕ್ಕೆ ಕಾರಣವೇ ಉಳಿಯಲಿಲ್ಲ ಎಂದು ಅವನೇ ಬರೆದ. ಆಸ್ಟ್ರಿಯಾ ಬೆಲ್‌ಗ್ರೇಡ್‌ವರೆಗೆ ಹೋಗಿ ನಿಲ್ಲಲಿ ಎಂದ. ಅಂದೇ ಆಸ್ಟ್ರಿಯಾ ಯುದ್ಧ ಸಾರಿಯಾಗಿತ್ತು. 30ರಂದು ಚಾನ್ಸೆಲರ್ ಬೆತ್‌ಮನ್ ವಿಯೆನ್ನಾಕ್ಕೆ ಮಾತುಕತೆಗೆ ಒಪ್ಪಿಕೊಳ್ಳಿ ಎಂದು ತಂತಿ ಕಳಿಸುತ್ತಿದ್ದರೆ, ಸೇನಾ ಮುಖ್ಯಸ್ಥ ಮೋಲ್ಟ್ಕೆ ರಷ್ಯಾದ ವಿರುದ್ಧ ಬೇಗ ಸೈನ್ಯ ಜಮಾಯಿಸಿ ಎಂದು ಅತ್ತಲೇ ಇನ್ನೊಂದು ತಂತಿ ಕಳಿಸಿದ. ಬರ್ಲಿನ್ನಿನಲ್ಲಿ ಆಳುತ್ತಿರುವುದು ಯಾರು ಎಂದು ಆಸ್ಟ್ರಿಯಾದ ವಿದೇಶಾಂಗ ಸಚಿವನೇ ಕೇಳುವಂತಾಯಿತು.

ಭಯಕ್ಕೆ ಗಡುವು ಹಾಕಿದ್ದು ರೈಲಿನ ವೇಳಾಪಟ್ಟಿ. ಎದುರು ಕೂಟದ ಯಾವುದೇ ಒಂದು ದೇಶ ಸೈನ್ಯ ಜಮಾಯಿಸಿದರೂ ತಾವಿಬ್ಬರೂ ಪರಸ್ಪರ ಕೇಳದೆ, ಕಾಯದೆ, ಒಟ್ಟಿಗೇ ಜಮಾಯಿಸಬೇಕು ಎಂದು 1892ರ ರಷ್ಯಾ-ಫ್ರಾನ್ಸ್ ಕರಾರು ಹೇಳುತ್ತಿತ್ತು. ಫ್ರೆಂಚ್ ಸಂಸತ್ತಿಗೂ ಅದನ್ನು ತೋರಿಸಿರಲಿಲ್ಲ. ಇತ್ತ ಜರ್ಮನಿಗೆ ಎರಡು ಗಡಿಗಳಲ್ಲಿ ಒಟ್ಟಿಗೆ ಕಾದುವ ಭಯ. ರಷ್ಯಾ ನಿಧಾನವಾಗಿ ಸಜ್ಜಾಗುತ್ತದೆ, ಅಷ್ಟರಲ್ಲಿ ಬೆಲ್ಜಿಯಂ ಮೂಲಕ ನುಗ್ಗಿ ಫ್ರಾನ್ಸನ್ನು ಮುಗಿಸಿ ಪೂರ್ವಕ್ಕೆ ತಿರುಗಬೇಕು ಎಂಬುದು ಅದರ ಯೋಜನೆ. ರಷ್ಯಾವೊಂದರ ಮೇಲೇ ಹೋಗುವ ಪರ್ಯಾಯ ಯೋಜನೆಯನ್ನು 1913ರಲ್ಲಿ ಕೈಬಿಟ್ಟಿದ್ದರು. ಹಾಗಾಗಿ ರಷ್ಯಾದ ಜಮಾವಣೆಗೆ ಜರ್ಮನಿ ಕೊಡಬಹುದಾಗಿದ್ದ ಉತ್ತರ ಒಂದೇ: ಬೆಲ್ಜಿಯಂ ಮೇಲೆ ದಾಳಿ. ಝಾರ್ ನಿಕೋಲಾಸ್ ಜುಲೈ 29ರಂದು ಪೂರ್ಣ ಜಮಾವಣೆಯ ಆಜ್ಞೆ ಕೊಟ್ಟು, ರಾತ್ರಿ ಹಿಂತೆಗೆದುಕೊಂಡು, ಮರುದಿನ ಸಂಜೆ ಮತ್ತೆ ಕೊಟ್ಟ. ಆಗಸ್ಟ್ 1ರಂದು ಬ್ರಿಟನ್ ತಟಸ್ಥವಾಗಬಹುದು ಎಂಬ ಸುಳ್ಳು ಆಸೆ ಹುಟ್ಟಿದಾಗ ಕೈಸರ್, ಹಾಗಾದರೆ ಸೈನ್ಯವನ್ನೆಲ್ಲ ಪೂರ್ವಕ್ಕೆ ಕಳಿಸಿ ಎಂದ. ಸಾಧ್ಯವೇ ಇಲ್ಲ ಎಂದ ಮೋಲ್ಟ್ಕೆ. ತಮಾಷೆಯೆಂದರೆ, ಸಾಧ್ಯವಿತ್ತು ಎಂದು ತೋರಿಸಲು ಜರ್ಮನ್ ಸೇನೆಯ ರೈಲ್ವೆ ವಿಭಾಗದ ಮುಖ್ಯಸ್ಥನಾಗಿದ್ದ ಜನರಲ್ ಫಾನ್ ಸ್ಟಾಬ್ಸ್ ಯುದ್ಧದ ನಂತರ ಪುಸ್ತಕವನ್ನೇ ಬರೆದ.

ಬ್ರಿಟನ್ನಿನ ಕಥೆ ಇದೆಲ್ಲಕ್ಕಿಂತ ವಿಚಿತ್ರ, ನನ್ನ ಮಟ್ಟಿಗೆ ಹೆಚ್ಚು ಪಾಠದ್ದೂ ಹೌದು. 1906ರಿಂದ ಬ್ರಿಟನ್ ಮತ್ತು ಫ್ರಾನ್ಸ್ ಎರಡೂ ದೇಶಗಳ ಸೇನಾಧಿಕಾರಿಗಳು ಗುಟ್ಟಾಗಿ ಯೋಜನೆ ಹಾಕುತ್ತಿದ್ದರು. ಬ್ರಿಟಿಷ್ ಸಂಪುಟದ ಬಹುತೇಕ ಸಚಿವರಿಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. 1912ರ ನವೆಂಬರ್‌ನಲ್ಲಿ ವಿದೇಶಾಂಗ ಸಚಿವ ಎಡ್ವರ್ಡ್ ಗ್ರೇ ಮತ್ತು ಫ್ರೆಂಚ್ ರಾಯಭಾರಿ ಪೌಲ್ ಕಾಂಬೊ, ಈ ಮಾತುಕತೆಗಳು ಯಾರನ್ನೂ ಬಂಧಿಸುವುದಿಲ್ಲ ಎಂದು ಪತ್ರ ಬರೆದುಕೊಂಡರು. ಆದರೆ ಫ್ರಾನ್ಸ್ ತನ್ನ ನೌಕಾಪಡೆಯ ದೊಡ್ಡ ಹಡಗುಗಳನ್ನು ಮೆಡಿಟರೇನಿಯನ್‌ಗೆ ಸಾಗಿಸಿತ್ತು. ಉತ್ತರ ಕರಾವಳಿ ಬರಿದಾಗಿತ್ತು. ಆ ಬರಿ ಕರಾವಳಿಯೇ ಬ್ರಿಟನ್ನಿನ ಮೇಲೆ ಬಿದ್ದ ಹೊರೆ. ಕಾಗದದಲ್ಲಿ ಬಂಧನವಿಲ್ಲ, ನಡವಳಿಕೆಯಲ್ಲಿ ಬಂಧನ ಇದೆ. ಇದರಿಂದ ಜರ್ಮನಿ ಕೊನೆಯವರೆಗೂ ಬ್ರಿಟನ್ ಬರಲಾರದು ಎಂದುಕೊಂಡಿತು, ಫ್ರಾನ್ಸ್ ಬಂದೇ ಬರುತ್ತದೆ ಎಂದುಕೊಂಡಿತು. ಇಬ್ಬರೂ ತಮಗೆ ಬೇಕಾದ್ದನ್ನು ಓದಿಕೊಂಡರು.

ಈ ಲೆಕ್ಕಾಚಾರದಲ್ಲಿ ಭಾರತವೂ ಇತ್ತು. ಬ್ರಿಟನ್-ರಷ್ಯಾ ನಡುವಿನ 1907ರ ಒಪ್ಪಂದ ಯುರೋಪಿನ ವಿಚಾರದ್ದಲ್ಲ. ಪರ್ಷಿಯಾ, ಅಫ್ಗಾನಿಸ್ತಾನ, ಟಿಬೆಟ್ ಕುರಿತದ್ದು, ಅಂದರೆ ಭಾರತದ ಗಡಿಗಳಿಗೆ ಕಾವಲಾಗಿ ಮಾಡಿಕೊಂಡದ್ದು. ಈಗ ರಷ್ಯಾವನ್ನು ಬಿಟ್ಟುಕೊಟ್ಟರೆ ಏಷ್ಯಾದಲ್ಲಿ ಅದು ಮತ್ತೆ ಎದುರಾಳಿಯಾದೀತು ಎಂಬ ಆತಂಕ ವಿದೇಶಾಂಗ ಇಲಾಖೆಯ ಆರ್ಥರ್ ನಿಕೋಲ್ಸನ್ ಅಂಥವರನ್ನು ಕಾಡುತ್ತಿತ್ತು. ಆಗಸ್ಟ್ 2ರಂದು ಜರ್ಮನಿ ಮತ್ತು ಆಟೊಮನ್ ತುರ್ಕಿ ಇನ್ನೊಂದು ಗುಟ್ಟಿನ ಒಪ್ಪಂದಕ್ಕೆ ಸಹಿ ಹಾಕಿದವು. ತುರ್ಕಿಯ ಬಹುಪಾಲು ಮಂತ್ರಿಗಳಿಗೇ ಅದು ತಿಳಿದಿರಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ತುರ್ಕಿ ಯುದ್ಧಕ್ಕಿಳಿದಾಗ ಸೂಯೆಜ್ ಕಾಲುವೆ ಕಾಯಲು ಮೈಸೂರು ಲ್ಯಾನ್ಸರ್ಸ್ ಪಡೆ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಅದೇ ಪಡೆ ಜೋಧಪುರದ ಸವಾರರ ಜತೆ ಹೈಫಾ ಪಟ್ಟಣವನ್ನು ಗೆದ್ದಿತು. ಈ ಗೆಲುವಿನ ಬಗ್ಗೆ ನಾವು ಹೆಮ್ಮೆಪಡುತ್ತೇವೆ, ಪಡಬೇಕಾದದ್ದೇ. ಮೈಸೂರಿನ ಕುದುರೆ ಸವಾರನನ್ನು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮುಂದೆ ನಿಲ್ಲಿಸಿದ ಒಪ್ಪಂದಗಳಲ್ಲಿ ಒಂದನ್ನಾದರೂ ಯಾರೂ ಅವನಿಗೆ ಓದಿ ಹೇಳಿರಲಿಲ್ಲ ಎಂಬುದನ್ನೂ ಜತೆಗೆ ನೆನೆಯಬೇಕು.

ಹಾಗೆಂದು ಮಿತ್ರಕೂಟಗಳೇ ಬೇಡ ಎಂಬ ತೀರ್ಮಾನಕ್ಕೆ ಹೋಗುವಂತಿಲ್ಲ. 1938ರಲ್ಲಿ ಫ್ರಾನ್ಸ್‌ಗೆ ಚೆಕೊಸ್ಲೊವಾಕಿಯಾ ಜತೆ ಸ್ಪಷ್ಟ ಒಪ್ಪಂದವಿತ್ತು. ಹಿಟ್ಲರ್ ಜತೆಗಿನ ಮ್ಯೂನಿಕ್ ಮಾತುಕತೆಯಲ್ಲಿ ಫ್ರಾನ್ಸ್ ಅದನ್ನು ಮರೆತು ಮಿತ್ರನನ್ನು ಕೈಬಿಟ್ಟಿತು. ಆರು ತಿಂಗಳ ನಂತರ ಬ್ರಿಟನ್ ಪೋಲೆಂಡಿಗೆ ಖಚಿತ ಭರವಸೆ ಕೊಟ್ಟಾಗ ಹಿಟ್ಲರ್ ಅದನ್ನು ನಂಬಲೇ ಇಲ್ಲ. 1914ರಲ್ಲಿ ಕೊಟ್ಟ ಮಾತಿಗಿಂತ ಹೆಚ್ಚು ನಡೆದುಕೊಂಡದ್ದು ಮುಳುವಾಯಿತು, 1938ರಲ್ಲಿ ಕಡಿಮೆ ನಡೆದುಕೊಂಡದ್ದು.

ಇಂದಿನ ಯುರೋಪಿನಲ್ಲಿ 32 ದೇಶಗಳ ನ್ಯಾಟೊ ಇದೆ. ಅದರ 5ನೇ ವಿಧಿ ಯುದ್ಧಕ್ಕೆ ಹೋಗಲೇಬೇಕು ಎನ್ನುವುದಿಲ್ಲ. ಪ್ರತಿ ಸದಸ್ಯ ದೇಶ ತನಗೆ ಅಗತ್ಯವೆನಿಸಿದ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ. 2022ರ ನವೆಂಬರ್ 15ರಂದು ಪೋಲೆಂಡಿನ ಗಡಿ ಹಳ್ಳಿಯೊಂದರಲ್ಲಿ ಕ್ಷಿಪಣಿ ಬಿದ್ದು ಇಬ್ಬರು ಸತ್ತಾಗ ಯಾರೂ ವೇಳಾಪಟ್ಟಿ ತೆರೆಯಲಿಲ್ಲ, ಒಂದು ದಿನ ಕಾದರು. ಅದು ಉಕ್ರೇನ್ ತನ್ನ ರಕ್ಷಣೆಗೆ ಹಾರಿಸಿದ್ದಿರಬೇಕು ಎಂಬ ನಿರ್ಣಯಕ್ಕೆ ಬಂದರು. ಇದು 1914ಕ್ಕಿಂತ ನಿಜಕ್ಕೂ ಉತ್ತಮ. ನನಗಿರುವ ಆತಂಕ ನ್ಯಾಟೊ ಒಪ್ಪಂದದ ಒಳಗಿರುವುದರ ಬಗ್ಗೆ ಅಲ್ಲ, ಅದರ ಹೊರಗೆ ಬೆಳೆಯುತ್ತಿರುವ ಭರವಸೆಗಳ ಬಗ್ಗೆ. ಕದನ ವಿರಾಮವಾದರೆ ಉಕ್ರೇನ್ ನೆಲದಲ್ಲಿ ತಮ್ಮ ಸೈನಿಕರನ್ನು ನಿಲ್ಲಿಸಲು ಬ್ರಿಟನ್ ಮತ್ತು ಫ್ರಾನ್ಸ್ 2025ರಿಂದ ಸಮಾನ ಮನಸ್ಕರ ಗುಂಪು ಕಟ್ಟುತ್ತಿವೆ. ಅದು ನ್ಯಾಟೊ ಪಡೆಯಲ್ಲ, ಹೋಗುವವರು ಮಾತ್ರ ನ್ಯಾಟೊ ದೇಶಗಳ ಸೈನಿಕರು. 5ನೇ ವಿಧಿ ಅನ್ವಯಿಸುವ ಪ್ರದೇಶವನ್ನು 6ನೇ ವಿಧಿ ಗುರುತಿಸುತ್ತದೆ. ಉಕ್ರೇನ್ ಅದರೊಳಗೆ ಬರುವುದಿಲ್ಲ. ಆ ಸೈನಿಕರ ಮೇಲೆ ರಷ್ಯಾದ ಶೆಲ್ ಬಿದ್ದರೆ ಉತ್ತರ ಯಾರದು, ಎಷ್ಟರ ಮಟ್ಟಿನದು ಎಂಬುದನ್ನು ಸೈನಿಕರು ಹೋಗುವ ಮುನ್ನ ಲಂಡನ್ ಮತ್ತು ಪ್ಯಾರಿಸ್ ತಮ್ಮ ಸಂಸತ್ತುಗಳಲ್ಲಿ ಹೇಳಬೇಕು, ಮಾಸ್ಕೊಗೂ ಕೇಳಿಸುವಂತೆ. ಗ್ರೇ ಮತ್ತು ಕಾಂಬೊ ಪತ್ರ ಬರೆದುಕೊಂಡು ಬಿಟ್ಟದ್ದು ಇದೇ ಪ್ರಶ್ನೆಯನ್ನು.