ಮೊದಲು ಬಿಸಿ, ಆಮೇಲೆ ಹಾಲು

ದೀಪಾವಳಿ ಕಳೆದು ಇಬ್ಬನಿ ಬೀಳುವ ಹೊತ್ತಿಗೆ ನಮ್ಮ ಬೀದಿಗಳಲ್ಲಿ ನಾಯಿಮರಿಗಳ ಕುಂಯ್‌ಗುಡುವ ಸದ್ದು ಶುರುವಾಗುತ್ತದೆ. ಇದು ಆಕಸ್ಮಿಕವೇನಲ್ಲ. ಬೀದಿನಾಯಿಗಳು ಹೆಚ್ಚಾಗಿ ಬೆದೆಗೆ ಬರುವುದು ಮಳೆಗಾಲದ ಕೊನೆಯಲ್ಲಿ, ಗರ್ಭದ ಅವಧಿ ಸುಮಾರು 63 ದಿನ. ಲೆಕ್ಕ ಹಾಕಿದರೆ ಮರಿಗಳು ಹುಟ್ಟುವುದು ಸರಿಯಾಗಿ ಚಳಿಗಾಲಕ್ಕೆ. ಶಾಲೆಯಿಂದ ಬರುವ ಹುಡುಗ ಚರಂಡಿಯ ಪಕ್ಕದಿಂದ ಒಂದು ಮರಿಯನ್ನು ಸ್ವೆಟರಿನೊಳಗೆ ಬಚ್ಚಿಟ್ಟುಕೊಂಡು ತರುವುದೂ, ಅಮ್ಮ 'ಎಲ್ಲಿಂದ ತಂದೆಯೋ ಅಲ್ಲೇ ಬಿಟ್ಟು ಬಾ' ಎಂದು ಗದರುವುದೂ, ಕೊನೆಗೆ ಆಕೆಯೇ ಒಂದು ತಟ್ಟೆಯಲ್ಲಿ ಹಾಲು ತಂದಿಡುವುದೂ ಈ ತಿಂಗಳುಗಳಲ್ಲೇ.

ಆ ಹಾಲಿನ ಬಗ್ಗೆ ಒಂದು ಮಾತು ಹೇಳಬೇಕಾಗಿದೆ. ಮೈ ತಣ್ಣಗಾಗಿರುವ ಮರಿಗೆ ಹಾಲು ಕುಡಿಸಿದರೆ ಅದು ಉಳಿಯುವುದಿಲ್ಲ; ಎಷ್ಟೋ ಸಲ ಹಾಲೇ ಅದರ ಪ್ರಾಣಕ್ಕೆ ಎರವಾಗುತ್ತದೆ.

ಬೆಳೆದ ನಾಯಿಯ ಮೈಬಿಸಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ನಮಗಿಂತ ಜಾಸ್ತಿ. ಆದರೆ ಹುಟ್ಟಿದ ಮರಿಯದು 95ರಿಂದ 97ರ ಆಸುಪಾಸು ಮಾತ್ರ, ಅದೂ ತಾಯಿಯ ಹೊಟ್ಟೆಗೆ ಅಂಟಿಕೊಂಡಿದ್ದರೆ. ನಮಗೆ ಚಳಿಯಾದರೆ ನಡುಗುತ್ತೇವೆ, ಆ ನಡುಕವೇ ಮೈಗೆ ಶಾಖ ಕೊಡುತ್ತದೆ. ಮೊದಲ ವಾರದ ಮರಿಗೆ ನಡುಗಲೂ ಬರುವುದಿಲ್ಲ! ಅದಕ್ಕೆ ಸುತ್ತಲಿನ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಷ್ಟಾದರೂ ಬೆಚ್ಚಗಿರಬೇಕು. ಬೆಂಗಳೂರಿನ ಜನವರಿಯ ನಸುಕಿನಲ್ಲಿ ಇರುವುದು ಸುಮಾರು 15 ಡಿಗ್ರಿ. 1884ರ ಜನವರಿ 13ರಂದು 7.8ಕ್ಕೆ ಇಳಿದದ್ದು ಆ ಊರಿನ ದಾಖಲೆ. ಅಷ್ಟು ಚಳಿ ಬೇಕಾಗಿಲ್ಲ, ನಾವು 'ಹಿತವಾಗಿದೆ' ಎನ್ನುವ ಚಳಿಯೇ ಮರಿಯನ್ನು ಕೊಲ್ಲಲು ಸಾಕು.

ಮೈಬಿಸಿ ಸುಮಾರು 94 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಕರುಳಿನ ಚಲನೆ ನಿಲ್ಲುತ್ತದೆ. ಹೀರುವ, ನುಂಗುವ ಶಕ್ತಿ ಕುಂದುತ್ತದೆ. ಆಗ ಚಮಚದಲ್ಲಿ ಹಾಲು ಹೊಯ್ದರೆ ಒಂದೋ ಅದು ಹೊಟ್ಟೆಯಲ್ಲೇ ಕೊಳೆಯುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಾರನೆಯ ದಿನ ಮೂಗಿನಲ್ಲಿ ನೊರೆ. 'ಹಾಲು ಕುಡಿದೇ ಮಲಗಿತ್ತಲ್ಲ, ಏನಾಯಿತು?' ಎಂದು ಮನೆಯವರೆಲ್ಲ ಮರುಗುತ್ತಾರೆ.

ಹಾಗಾದರೆ ಏನು ಮಾಡಬೇಕು? ಬೆರಳನ್ನು ಮರಿಯ ಬಾಯೊಳಗಿಟ್ಟು ನೋಡಿ. ಬಾಯಿ ತಣ್ಣಗಿದ್ದರೆ ಹಾಲನ್ನು ಪಕ್ಕಕ್ಕಿಡಿ. ಒದ್ದೆಯಿದ್ದರೆ ಒಣಬಟ್ಟೆಯಲ್ಲಿ ಒರೆಸಿ, ಮೈಗೆ ಒತ್ತಿ ಹಿಡಿದುಕೊಳ್ಳಿ. ಹುಡುಗ ಸ್ವೆಟರಿನೊಳಗೆ ಇಟ್ಟುಕೊಂಡನಲ್ಲ, ಅದಕ್ಕಿಂತ ಒಳ್ಳೆಯ ಪ್ರಥಮ ಚಿಕಿತ್ಸೆ ಇಲ್ಲ. ಆಮೇಲೆ ಒಂದು ರಟ್ಟಿನ ಪೆಟ್ಟಿಗೆ, ಅದರ ಅರ್ಧ ಭಾಗದಲ್ಲಿ ಟವೆಲಿನಲ್ಲಿ ಸುತ್ತಿದ ಬಿಸಿನೀರಿನ ಬಾಟಲಿ. ಅರ್ಧ ಭಾಗ ಎಂದದ್ದಕ್ಕೆ ಕಾರಣವಿದೆ: ಸೆಕೆಯಾದರೆ ಮರಿ ತೆವಳಿಕೊಂಡು ಆಚೆ ಹೋಗಲು ಜಾಗ ಇರಬೇಕು. ಹಿಂದೆ ಇದಕ್ಕೆ 60 ವ್ಯಾಟಿನ ಬಲ್ಬು ತೂಗುಹಾಕುತ್ತಿದ್ದರು. ಈಗಿನ ಎಲ್‌ಇಡಿ ಬಲ್ಬಿನಿಂದ ಬೆಳಕು ಬರುತ್ತದೆಯೇ ಹೊರತು ಶಾಖ ಬರುವುದಿಲ್ಲ, ಅದನ್ನು ನಂಬಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆಯಂತೂ ಬೇಡವೇ ಬೇಡ; ಅದರಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಮರಿಯನ್ನೂ ಬಿಡದು, ಮನೆಯವರನ್ನೂ ಬಿಡದು.

ಅವಸರ ಬೇಡ. ಮೈ ಬಿಸಿಯಾಗಲು ಒಂದೆರಡು ಗಂಟೆ ಹಿಡಿದರೂ ಚಿಂತೆಯಿಲ್ಲ. ಈ ನಡುವೆ ಗ್ಲೂಕೋಸ್ ನೀರನ್ನು ಬೆರಳಿಗೆ ಅದ್ದಿ ವಸಡಿಗೆ ಸವರಬಹುದು. ಮರಿ ತಾನಾಗಿ ಬೆರಳು ಚೀಪತೊಡಗಿದಾಗ ಹಾಲಿನ ಮಾತು. ಹಸುವಿನ ಹಾಲಿನಲ್ಲಿ ಕೊಬ್ಬು, ಪ್ರೋಟೀನು ಎರಡೂ ನಾಯಿಯ ಹಾಲಿನ ಸುಮಾರು ಅರ್ಧದಷ್ಟು. ಅದಕ್ಕೆ ನೀರು ಬೆರೆಸಿದರೆ ಉಳಿಯುವುದೇನು? ಮರಿಗಳಿಗೆಂದೇ ಹಾಲಿನ ಪುಡಿ ಸಿಗುತ್ತದೆ, ಪಶುವೈದ್ಯರನ್ನು ಕೇಳಿ ತನ್ನಿ. ಮಗುವಿನಂತೆ ಅಂಗಾತ ಮಲಗಿಸದೆ, ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಿ. ಇನ್ನೂ ಕಣ್ಣು ಬಿಡದ ಮರಿಯಾದರೆ, ಅಂದರೆ ಎರಡು ವಾರದೊಳಗಿನದಾದರೆ, ಹಾಲಾದ ಮೇಲೆ ಬೆಚ್ಚನೆಯ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಮೆಲ್ಲಗೆ ಒರೆಸಬೇಕು. ತಾಯಿ ನೆಕ್ಕದೆ ಅದಕ್ಕೆ ಮೂತ್ರ ಮಾಡಲೂ ತಿಳಿಯದು.

ಹಿರಿಯರು ಹೇಳುವ ಒಂದು ಚಮಚ ಬ್ರಾಂದಿ ಬೇಡ. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಇದ್ದ ಶಾಖವನ್ನೂ ಹೊರಗೆ ಹಾಕುತ್ತದೆ. ಕರ್ಪೂರ, ನೀಲಗಿರಿ ಎಣ್ಣೆ, ನಮ್ಮ ಜ್ವರದ ಮಾತ್ರೆ, ಇವೂ ಬೇಡ. ಸ್ನಾನ? ಎರಡು ತಿಂಗಳಾಗುವವರೆಗೆ ಕೊಳೆಯಾಗಿದ್ದರೂ ಪರವಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ, ತಾಯಿ ಇರುವ ಮರಿಯನ್ನು ಮನೆಗೆ ತರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮರಿ ಒಂಟಿಯಾಗಿ ಕಂಡರೆ ತಾಯಿ ಆಹಾರ ಹುಡುಕಲು ಹೋಗಿರಬಹುದು. ದೂರ ನಿಂತು ಕಾದು ನೋಡಿ. ತಾಯಿಗೆ ಎರಡು ಹೊತ್ತು ಅನ್ನ ಹಾಕಿ, ಗಾಳಿ ತಾಗದ ಮೂಲೆಯಲ್ಲಿ ಒಣ ಭತ್ತದ ಹುಲ್ಲು ಹಾಸಿ. ಗೋಣಿಚೀಲ ಇಬ್ಬನಿಗೆ ನೆನೆದರೆ ಇಲ್ಲದ್ದಕ್ಕಿಂತ ಕಡೆ.

ತಾಯಿನಾಯಿ ಮರಿಗಳ ಬಳಿ ಹೋದವರನ್ನು ಕಚ್ಚಬಹುದು, ಮರಿಯ ಹಲ್ಲೂ ತಾಗಬಹುದು. ಒಂದು ಗೀರು ಬಿದ್ದರೂ 15 ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅಂದೇ ವೈದ್ಯರ ಬಳಿ ಹೋಗಬೇಕು. ರೇಬೀಸ್ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಬೈಗುಳಕ್ಕೆ ಹೆದರಿ ಮಕ್ಕಳು ಗಾಯ ಮುಚ್ಚಿಡುತ್ತಾರೆ; ತಂದೆತಾಯಿಗಳು ಈ ಒಂದು ವಿಷಯದಲ್ಲಿ ಬೈಯದಿರುವುದು ಕ್ಷೇಮ.

ಬೆಳೆದ ನಾಯಿಗಳದು ಇಷ್ಟು ತಾಪತ್ರಯವಲ್ಲ. ಮುಧೋಳದಂಥ ತೆಳುಮೈಯ, ಗಿಡ್ಡ ಕೂದಲಿನ ನಾಯಿಗೆ ರಾತ್ರಿ ಹೊದಿಕೆ ಬೇಕು. ಹಿಮದ ನಾಡಿನ ಹಸ್ಕಿಗೆ ಸ್ವೆಟರ್ ತೊಡಿಸುವುದು ನಮ್ಮ ಶೋಕಿ, ಅಷ್ಟೇ. ಮುದಿನಾಯಿಯ ಕೀಲುಗಳಿಗೆ ಬರಿನೆಲ ಆಗದು, ಒಂದು ಮಣೆಯೋ ದಪ್ಪ ಕಂಬಳಿಯೋ ಇರಲಿ. ಇನ್ನು ಬೀದಿಯ ನಾಯಿಗಳು ಬಿಸಿಯಾರದ ಎಂಜಿನ್ನಿನ ಆಸೆಗೆ ನಿಂತ ವಾಹನಗಳ ಕೆಳಗೆ ಮಲಗುತ್ತವೆ. ಬೆಳಿಗ್ಗೆ ಕಾರು ಹೊರಡಿಸುವ ಮುನ್ನ ಬಾನೆಟ್ಟನ್ನು ನಾಲ್ಕು ಸಲ ತಟ್ಟಿ, ಬಗ್ಗಿ ನೋಡಿ. ಶಾಲಾ ವ್ಯಾನಿನ ಡ್ರೈವರ್ ಮಾಮನಿಗೂ ಮಕ್ಕಳೇ ಇದನ್ನು ಹೇಳಬಹುದು.